ಸ್ವರ್ಣವಲ್ಲಿಯ ನೀರು, ನೇತ್ರಾಣಿಯ ಮೀನು

ಶಿರಸಿಯಿಂದ ಯಲ್ಲಾಪುರದ ಕಡೆಗೆ ಸಾಗುವ ರಸ್ತೆ ಕೆಲವೇ ಕಿಲೋಮೀಟರುಗಳೊಳಗೆ ಪ್ರಯಾಣಿಕನನ್ನು ಅಡಕೆಯ ನಾಡಿನ ನಡುವೆ ತಂದು ನಿಲ್ಲಿಸುತ್ತದೆ. ಕಣಿವೆಯ ತಳದಲ್ಲಿ ತೋಟ, ತೋಟದ ಮೇಲೆ ಸೊಪ್ಪಿನ ಬೆಟ್ಟ, ಬೆಟ್ಟದ ಮೇಲೆ ದಟ್ಟವಾದ ಕಾಡು. ಇದು ಇಲ್ಲಿಯ ನೆಲದ ಕ್ರಮ. ಈ ರಸ್ತೆಯಿಂದ ಒಳಕ್ಕೆ ಹೊರಳಿದರೆ ಸೋಂದೆ. ಒಂದು ಕಾಲಕ್ಕೆ ಅರಸರ ರಾಜಧಾನಿಯಾಗಿದ್ದ ಈ ಊರಿನ ಆಸುಪಾಸಿನಲ್ಲಿ ವಾದಿರಾಜರ ಮಠವೂ ಜೈನ ಮಠವೂ ಉಂಟು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹವ್ಯಕ ಕುಟುಂಬಗಳಿಗೆ ಗುರುಪೀಠವಾದ ಸ್ವರ್ಣವಲ್ಲಿಯೂ ಉಂಟು.

ಸಮೀಪದಲ್ಲಿಯೇ ಶಾಲ್ಮಲಾ ನದಿ ಹರಿಯುತ್ತದೆ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಹೊಳೆಯ ಪಾತ್ರದ ಬಂಡೆಬಂಡೆಗಳ ಮೇಲೆ ಶಿವಲಿಂಗಗಳೂ ನಂದಿಗಳೂ ಮೇಲೆದ್ದು ಕಾಣುತ್ತವೆ. ಇದೇ ಸಹಸ್ರಲಿಂಗ. ಸೋಂದೆಯ ಅರಸು ಸದಾಶಿವರಾಯನ ಕಾಲದಲ್ಲಿ, ಅಂದರೆ 1678ರಿಂದ 1718ರವರೆಗಿನ ಅವಧಿಯಲ್ಲಿ, ಇವುಗಳನ್ನು ಕೆತ್ತಿಸಲಾಯಿತೆಂಬುದು ಪ್ರತೀತಿ. ಲಿಂಗಗಳನ್ನು ತೊಳೆದು ಮುಂದೆ ಹರಿಯುವ ನೀರು ಎಲ್ಲಿಗೆ ಹೋಗುತ್ತದೆಂದು ಕೇಳುವ ಯಾತ್ರಿಕರು ವಿರಳ. ಆ ನೀರು ಬೇಡ್ತಿಯನ್ನು ಕೂಡುತ್ತದೆ. ಬೇಡ್ತಿ ಘಟ್ಟವಿಳಿದು ಗಂಗಾವಳಿಯೆಂಬ ಹೆಸರನ್ನು ತಾಳುತ್ತದೆ. ಗಂಗಾವಳಿ ಗೋಕರ್ಣದ ಉತ್ತರಕ್ಕೆ ಅರಬ್ಬೀ ಸಮುದ್ರವನ್ನು ಸೇರುತ್ತದೆ.

ಮಠದ ಶಿಷ್ಯವರ್ಗದ ಮನೆಗಳಲ್ಲಿ ಮೀನು ಅಡಿಗೆಯ ಪದಾರ್ಥವಲ್ಲ. ಸಮುದ್ರದ ಹವಳಬಂಡೆಗಳಲ್ಲಿ ವಾಸಿಸುವ ಮೀನೊಂದರ ವೃತ್ತಾಂತವನ್ನು ಇಂತಹ ಸೀಮೆಯಿಂದ ಆರಂಭಿಸುವುದು ವಿಚಿತ್ರವೆನಿಸಬಹುದು. ಆದರೆ ಆ ಮೀನಿಗೆ ಶಾಸ್ತ್ರೀಯ ನಾಮಕರಣ ಮಾಡಿದವರಲ್ಲಿ ಒಬ್ಬನು ಸೋಂದೆಯ ಹಾದಿಯನ್ನು ತುಳಿದವನು. ಆ ಮೀನಿನ ಬಾಳೂ ಈ ಬೆಟ್ಟಗಳ ನೀರಿಗೆ ಕಟ್ಟುಬಿದ್ದದ್ದು.

ಸೋಂದೆಗೆ ಬಂದ ವೈದ್ಯ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ತನ್ನ ವಶವಾದ ನಾಡುಗಳ ಬೆಳೆ, ಕಸುಬು, ಜನಜೀವನಗಳನ್ನು ತಿಳಿಯುವ ಅಗತ್ಯವುಂಟಾಯಿತು. ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಕೆಲಸಕ್ಕೆ ನೇಮಿಸಿದವನು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ. 1800ರಲ್ಲಿ ಮದರಾಸಿನಿಂದ ಹೊರಟ ಆತ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿ 1801ರಲ್ಲಿ ಕರಾವಳಿಯಿಂದ ಘಟ್ಟವೇರಿದನು. ಯಲ್ಲಾಪುರ, ಸೋಂದೆ, ಶಿರಸಿಗಳನ್ನು ಹಾದು ಬನವಾಸಿಯತ್ತ ನಡೆದನು. ಅಡಕೆ, ಮೆಣಸು, ಏಲಕ್ಕಿಗಳ ತೋಟಗಳನ್ನು ಕಂಡನು. ಬೆಳೆಗಾರರನ್ನು ವಿಚಾರಿಸಿ ಬರೆದುಕೊಂಡನು. 1807ರಲ್ಲಿ ಈ ಪ್ರವಾಸದ ವರದಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು.

ಮುಂದೆ ಆತ ಬಂಗಾಳಕ್ಕೆ ಹೋದನು. ಅಲ್ಲಿಯ ನದಿಗಳ ಮೀನುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಆ ವೇಳೆಗೆ ತಾಯಿಯ ಮನೆತನದ ಹೆಸರನ್ನು ಧರಿಸಿದ್ದುದರಿಂದ ಮೀನುಶಾಸ್ತ್ರದವರು ಅವನನ್ನು ಹ್ಯಾಮಿಲ್ಟನ್ ಎಂದೇ ಬಲ್ಲರು. ಆ ಗ್ರಂಥದಲ್ಲಿ, ಗಂಗೆಯ ಅಳಿವೆಗಳ ಮೀನುಗಳ ನಡುವೆ, 'ಬೋಲಾ ಕೊಯಾಯಿಡಿಸ್' ಎಂದು ಅವನು ಹೆಸರಿಟ್ಟ ಒಂದು ಮೀನಿದೆ. ಇಂದು ಅದರ ಹೆಸರು ಎಪಿನೆಫಿಲಸ್ ಕೊಯಾಯಿಡಿಸ್. ಇಂಗ್ಲಿಷಿನಲ್ಲಿ 'ಗ್ರೂಪರ್' ಎಂದು ಕರೆಯುವ ಮೀನುಗಳ ಬಳಗಕ್ಕೆ ಸೇರಿದ್ದು ಇದು. ಪೋರ್ಚುಗೀಸರ 'ಗರೋಪ' ಎಂಬ ಮಾತಿನಿಂದ ಗ್ರೂಪರ್ ಆಯಿತು. ನಮ್ಮ ಕರಾವಳಿಯಲ್ಲಿ ಮಂಗಳೂರಿನ ಕಡೆಯವರು ಈ ಬಳಗವನ್ನು ಮುರು ಅಥವಾ ಮುರುಮೀನು ಎನ್ನುತ್ತಾರೆ. ಕೊಂಕಣಿಗರು ಗೋಬ್ರೊ ಎನ್ನುತ್ತಾರೆ.

ಪಾರಿವಾಳ ಗುಡ್ಡ

ಮುರುಮೀನನ್ನು ಅದರ ನೆಲೆಯಲ್ಲಿಯೇ ಕಾಣಬೇಕೆಂಬವನು ಶಿರಸಿಯಿಂದ ದೇವಿಮನೆ ಘಟ್ಟವಿಳಿದು ಕುಮಟೆಗೆ ಬರಬೇಕು. ಅಲ್ಲಿಂದ ಹೊನ್ನಾವರವನ್ನು ದಾಟಿ ಮುರುಡೇಶ್ವರಕ್ಕೆ ಹೋಗಬೇಕು. ಅಲ್ಲಿ ದೇವಾಲಯದ ಹಿಂದಿನ ಬೃಹತ್ ಶಿವಮೂರ್ತಿಯನ್ನು ಬೆನ್ನಿಗಿಟ್ಟುಕೊಂಡು ದೋಣಿ ಪಶ್ಚಿಮಾಭಿಮುಖವಾಗಿ ಹೊರಟರೆ, ತೀರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿ ದ್ವೀಪ ಕಡಲಿನಿಂದ ನೆಟ್ಟಗೆ ಎದ್ದು ನಿಂತಿದೆ. ಹಳೆಯ ನಕಾಶೆಗಳಲ್ಲಿ ಇದಕ್ಕೆ ಪಾರಿವಾಳ ದ್ವೀಪವೆಂದೇ ಹೆಸರು. ಕಡಿದಾದ ಬಂಡೆಗಳು, ಗುಹೆಗಳು, ಮೇಲೆ ಹಸುರು ಪೊದೆ. ಎತ್ತರದ ಮರಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ಮೀನುಗಾರರು ಹರಕೆಯಾಗಿ ತಂದುಬಿಟ್ಟ ಮೇಕೆಗಳು ಇಲ್ಲಿ ಕಾಡುಮೇಕೆಗಳಾಗಿ ಬದುಕಿವೆ. ನೌಕಾಪಡೆಯು ಈ ದ್ವೀಪವನ್ನು ಗುಂಡಿನ ಗುರಿಯ ಅಭ್ಯಾಸಕ್ಕೆ ಬಳಸಿಕೊಂಡದ್ದೂ, ಪರಿಸರಾಸಕ್ತರು ಅದನ್ನು ವಿರೋಧಿಸಿದ್ದೂ ಉಂಟು. ಪುನೀತ್ ರಾಜಕುಮಾರರ ಕೊನೆಯ ಚಿತ್ರವಾಗಿ 2022ರಲ್ಲಿ ತೆರೆಕಂಡ 'ಗಂಧದ ಗುಡಿ'ಯಲ್ಲಿ ಈ ದ್ವೀಪದ ನೀರಿನೊಳಗಿನ ನೋಟಗಳನ್ನು ನಾಡಿನ ಜನ ಕಂಡಿದ್ದಾರೆ.

ಕರ್ನಾಟಕದ ಉದ್ದನೆಯ ಕರಾವಳಿಯಲ್ಲಿ ಹವಳದ ಬೆಳವಣಿಗೆಗೆ ಹೆಸರಾದ ತಾಣ ನೇತ್ರಾಣಿಯೇ. ಇದಕ್ಕೆ ಕಾರಣವುಂಟು. ಹವಳವೆಂಬುದು ಕಲ್ಲಿನಂತೆ ಕಂಡರೂ ಕೋಟ್ಯಂತರ ಸಣ್ಣ ಜೀವಿಗಳ ಮನೆ. ಆ ಜೀವಿಗಳ ಮೈಯೊಳಗೆ ಸೂಕ್ಷ್ಮವಾದ ಪಾಚಿ ವಾಸಿಸುತ್ತದೆ. ಬಿಸಿಲಿನ ಸಹಾಯದಿಂದ ಅದು ಸಿದ್ಧಪಡಿಸುವ ಆಹಾರವೇ ಹವಳದ ಮುಖ್ಯ ಜೀವನಾಧಾರ. ಬಿಸಿಲು ತಳವನ್ನು ಮುಟ್ಟಬೇಕಾದರೆ ನೀರು ತಿಳಿಯಾಗಿರಬೇಕು. ಮಳೆಗಾಲದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ಘಟ್ಟದ ಮಣ್ಣನ್ನು ಹೊತ್ತು ತಂದು ತೀರದ ಕಡಲನ್ನು ಕೆಂಪಾಗಿಸುತ್ತವೆ. ನೇತ್ರಾಣಿ ಈ ಕೆಸರಿನಿಂದ ಸಾಕಷ್ಟು ದೂರದಲ್ಲಿದೆ. ಹಾಗಿದ್ದರೂ ಇಲ್ಲಿಯ ಹವಳ ಲಕ್ಷದ್ವೀಪದಲ್ಲಿರುವಂತೆ ದ್ವೀಪವನ್ನೇ ಕಟ್ಟುವ ಹವಳವಲ್ಲ. ಬಂಡೆಗಳ ಮೈಗೆ ಅಲ್ಲಲ್ಲಿ ಅಂಟಿಕೊಂಡು ಬೆಳೆದದ್ದು. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಯುವವರು ಬಣ್ಣಬಣ್ಣದ ಚಿಟ್ಟೆಮೀನು, ಗಿಳಿಮೀನುಗಳ ಗುಂಪುಗಳನ್ನು ಕಾಣುತ್ತಾರೆ. ಈ ಗುಂಪುಗಳಲ್ಲಿ ಸೇರದೆ, ಬಂಡೆಯ ಸಂದಿನ ನೆರಳಿನಲ್ಲಿ ಒಂಟಿಯಾಗಿ, ದಪ್ಪ ತುಟಿಯನ್ನು ಮುಂಚಾಚಿ ಸುಮ್ಮನಿರುವ ಮೀನು ಕಂಡಿತೆಂದರೆ ಅದು ಹೆಚ್ಚುಪಾಲು ಮುರುವೇ.

ಗುರುತಿಸುವ ಬಗೆ

ಮುರುವನ್ನು ಮುರುವೆಂದು ತಿಳಿಯುವುದು ಕಷ್ಟವಲ್ಲ. ಗಟ್ಟಿಮುಟ್ಟಾದ ದೇಹ, ದೊಡ್ಡ ಬಾಯಿ, ಮೇಲ್ದವಡೆಗಿಂತ ಮುಂದೆ ಬಂದ ಕೆಳದವಡೆ, ಸಣ್ಣ ಹುರುಪೆ, ಕಿವಿರುಮುಚ್ಚಳದ ಹಿಂದಿನ ಅಂಚಿನಲ್ಲಿ ಚಪ್ಪಟೆಯಾದ ಮೂರು ಮುಳ್ಳು. ಇಷ್ಟಿದ್ದರೆ ಬಳಗ ನಿಶ್ಚಯ. ಇದು ಬೇಟೆಯನ್ನು ಅಟ್ಟಿಕೊಂಡು ಹೋಗುವುದಿಲ್ಲ. ಹತ್ತಿರ ಬಂದ ಮೀನನ್ನೋ ಏಡಿಯನ್ನೋ ಫಕ್ಕನೆ ಬಾಯಿ ತೆರೆದು ನೀರಿನೊಡನೆ ಒಳಗೆಳೆದುಕೊಳ್ಳುತ್ತದೆ.

ಕಷ್ಟ ಮೊದಲಾಗುವುದು, ಇದು ಯಾವ ಮುರು ಎಂದು ಕೇಳಿದಾಗ. ಬಣ್ಣವನ್ನು ನಂಬುವಂತಿಲ್ಲ. ಇದೇ ಮೀನು ಗುಹೆಯೊಳಗೆ ಕಪ್ಪಾಗಿಯೂ ಮರಳಿನ ಮೇಲೆ ತಿಳಿಯಾಗಿಯೂ ತೋರುತ್ತದೆ. ಹೆದರಿದರೆ ಪಟ್ಟೆಗಳು ಎದ್ದು ಕಾಣುತ್ತವೆ. ಸತ್ತು ಬುಟ್ಟಿಗೆ ಬಿದ್ದ ಮೇಲೆ ಎಲ್ಲವೂ ಮಾಸುತ್ತವೆ. ಆದಕಾರಣ ಪಂಡಿತರು ಮೊದಲು ಎಣಿಸುವುದು ಬೆನ್ನಿನ ಈಜುರೆಕ್ಕೆಯ ಮುಳ್ಳುಗಳನ್ನು. ಒಂಬತ್ತು ಮುಳ್ಳುಗಳಿದ್ದರೆ ಅದು ಸೆಫಲೋಫೋಲಿಸ್ ಕುಲ. ಹನ್ನೊಂದಿದ್ದರೆ ಸಾಮಾನ್ಯವಾಗಿ ಎಪಿನೆಫಿಲಸ್ ಕುಲ.

ನೇತ್ರಾಣಿಯ ಬಂಡೆಗಳ ನಡುವೆ ಕಾಣುವ, ಗೇಣುದ್ದವನ್ನು ಹೆಚ್ಚಾಗಿ ಮೀರದ, ಕಂದು ಮೈಯ ಮೇಲೆ ತಲೆಯಿಂದ ಬಾಲದವರೆಗೆ ನೀಲಿ ಗೆರೆಗಳನ್ನು ಹೊತ್ತ ಮುರು ಒಂಬತ್ತು ಮುಳ್ಳಿನದು. ಇದರ ಹೆಸರು ಸೆಫಲೋಫೋಲಿಸ್ ಫಾರ್ಮೋಸ, ಅಂದರೆ ಚೆಲುವೆ. ಅತಿ ಸ್ವಚ್ಛವಾದ ಹವಳದ ತೋಟವನ್ನು ಇದು ಬಯಸುವುದಿಲ್ಲ. ತುಸು ಹೂಳು ಕುಳಿತ, ಆಳವಿಲ್ಲದ ಬಂಡೆಗಳೇ ಇದಕ್ಕೆ ಹಿತ. ನೇತ್ರಾಣಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬಂದರುಗಳಲ್ಲಿ ಟ್ರಾಲರುಗಳಿಂದ ರಾಶಿಯಾಗಿ ಇಳಿಯುವ, ಅಡ್ಡಡ್ಡಲಾಗಿ ಐದು ಕಪ್ಪು ಪಟ್ಟೆಗಳಿರುವ, ಕೆನ್ನೆಯ ಮೂಲೆಯಲ್ಲಿ ಮುಳ್ಳು ಚಾಚಿದ ಮುರು ಬೇರೆ. ಅದು ಎಪಿನೆಫಿಲಸ್ ಡಯಕಾಂಥಸ್. ಮರಳು, ಕೆಸರುಗಳ ಕಡಲತಳವೇ ಅದರ ವಾಸಸ್ಥಾನ. ಹವಳಕ್ಕೂ ಅದಕ್ಕೂ ನಂಟು ಕಡಮೆ. ಹೀಗೆ ಮೀನು ಎಲ್ಲಿ ಸಿಕ್ಕಿತೆಂಬುದೇ ಅದರ ಗುರುತಿನ ಅರ್ಧ ಭಾಗ.

ಆದರೆ ಪಂಡಿತರನ್ನೇ ದಾರಿ ತಪ್ಪಿಸಿದ್ದು ಇನ್ನೊಂದು ಜೋಡಿ. ಒಂದು ಮೀಟರಿಗೂ ಮೀರಿ ಬೆಳೆಯಬಲ್ಲ, ಹನ್ನೊಂದು ಮುಳ್ಳಿನ, ಓರೆಯಾದ ಐದು ಮಸುಕು ಪಟ್ಟೆಗಳ ಮೇಲೆ ಚುಕ್ಕೆ ಚೆಲ್ಲಿದ ಎರಡು ಮುರುಗಳು ನಮ್ಮ ಕಡಲಿನಲ್ಲಿವೆ. ಒಂದರ ಚುಕ್ಕೆ ಕಿತ್ತಳೆ ಅಥವಾ ಕೆಂಗಂದು. ಇದೇ ಹ್ಯಾಮಿಲ್ಟನ್ ಕಂಡ ಕೊಯಾಯಿಡಿಸ್. ಇನ್ನೊಂದರ ಚುಕ್ಕೆ ಸಣ್ಣದು, ಕಪ್ಪು. ಅವುಗಳ ನಡುವೆ ಬಿಳಿಚಿದ ದೊಡ್ಡ ಮಚ್ಚೆಗಳೂ ಇರುತ್ತವೆ. ಇದು ಎಪಿನೆಫಿಲಸ್ ಮಲಬಾರಿಕಸ್. ಬುಕಾನನ್ ಸೋಂದೆಯ ತೋಟಗಳಲ್ಲಿ ತಿರುಗಾಡುತ್ತಿದ್ದ 1801ರಲ್ಲಿಯೇ ಇದರ ಹೆಸರು ಜರ್ಮನಿಯಲ್ಲಿ ಅಚ್ಚಾಯಿತು. ಬರ್ಲಿನ್ನಿನ ವೈದ್ಯ ಬ್ಲಾಖ್ 1799ರಲ್ಲಿ ತೀರಿಕೊಂಡಾಗ ಅಪೂರ್ಣವಾಗಿ ಉಳಿದ ಗ್ರಂಥವನ್ನು ಷ್ನೈಡರ್ ಎಂಬ ವಿದ್ವಾಂಸನು ಪೂರ್ತಿಗೊಳಿಸಿದ್ದನು. ಹೆಸರಿನಲ್ಲಿ ಮಲಬಾರಿದ್ದರೂ ಆ ಮೀನು ಹೋದದ್ದು ಪೂರ್ವ ಕರಾವಳಿಯ ತರಂಗಂಬಾಡಿಯಿಂದ. ಅಲ್ಲಿಯ ಡೇನಿಷ್ ನೆಲೆಯಲ್ಲಿದ್ದ ಪಾದ್ರಿಗಳು ಮೀನುಗಳನ್ನು ಬರ್ಲಿನ್ನಿಗೆ ಕಳುಹಿಸುತ್ತಿದ್ದರು; ಅಂದಿನ ಯುರೋಪಿಯನ್ನರು ತಮಿಳನ್ನು 'ಮಲಬಾರ್ ಭಾಷೆ'ಯೆಂದೇ ಕರೆಯುವುದು ರೂಢಿಯಾಗಿತ್ತು. ಹೆಸರನ್ನು ನಂಬಿ ಊರನ್ನು ಹುಡುಕಹೊರಟವನಿಗೆ ಇದೊಂದು ಎಚ್ಚರಿಕೆ.

ಮುಂದಿನ ಕಾಲದಲ್ಲಿ ಗೊಂದಲ ಹೆಚ್ಚಿತು. 1875ರಿಂದ 1878ರವರೆಗೆ ಪ್ರಕಟವಾದ ಫ್ರಾನ್ಸಿಸ್ ಡೇಯ ಭಾರತದ ಮೀನುಗಳ ಮಹಾಗ್ರಂಥದಲ್ಲಿ ಈ ಮುರುಗಳು 'ಸೆರ್ರಾನಸ್' ಎಂಬ ಒಂದೇ ಕುಲದಲ್ಲಿ ಕಿಕ್ಕಿರಿದವು. ಇಪ್ಪತ್ತನೆಯ ಶತಮಾನದಲ್ಲಿ ಆಗ್ನೇಯ ಏಷ್ಯ, ಅರಬ್ಬೀ ನಾಡುಗಳಲ್ಲಿ ಮುರುವನ್ನು ಸಾಕತೊಡಗಿದವರು ಕಿತ್ತಳೆ ಚುಕ್ಕೆಯದನ್ನೇ ಸಾಕುತ್ತಿದ್ದರು. ಆದರೆ ಬಹಳ ಪ್ರಬಂಧಗಳಲ್ಲಿ ಅದನ್ನು ಮಲಬಾರಿಕಸ್ ಎಂದೋ, ಕೆಂಪು ಸಮುದ್ರದಿಂದ 1775ರಲ್ಲಿ ಹೆಸರು ಪಡೆದ ಟೌವಿನ ಎಂಬ ಮೂರನೆಯ ಮೀನೆಂದೋ ಬರೆದರು. ಟೌವಿನ ತಿಳಿನೀರಿನ ಹವಳದ ಮೀನು. ಕೊಯಾಯಿಡಿಸ್ ಕಲಕು ನೀರಿಗೂ ಅಳಿವೆಗೂ ಒಗ್ಗಿದ್ದು. ಒಂದರ ಮರಿಗೆ ಬೇಕಾದ ಉಪ್ಪು, ಒಂದು ಪ್ರಾಯಕ್ಕೆ ಬರುವ ವಯಸ್ಸು ಇನ್ನೊಂದರ ಲೆಕ್ಕಕ್ಕೆ ಸೇರಿಹೋದವು. ಹೀಮ್‌ಸ್ಟ್ರಾ ಮತ್ತು ರಾಂಡಲ್ ಎಂಬ ಇಬ್ಬರು ತಜ್ಞರು ವಸ್ತುಸಂಗ್ರಹಾಲಯಗಳ ಹಳೆಯ ಮಾದರಿಗಳನ್ನು ತಾಳೆನೋಡಿ, 1993ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮೂಲಕ ಜಗತ್ತಿನ ಮುರುಗಳ ಪಟ್ಟಿಯನ್ನು ಪ್ರಕಟಿಸಿದ ಮೇಲೆ ಈ ಗೊಂದಲ ಬಹುಮಟ್ಟಿಗೆ ತಿಳಿಯಾಯಿತು. ಈಚಿನ ವರ್ಷಗಳಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ವಿಶಾಖಪಟ್ಟಣದಲ್ಲಿ ಕಿತ್ತಳೆ ಚುಕ್ಕೆಯ ಮುರುವಿನ ಮರಿಗಳನ್ನು ತೊಟ್ಟಿಗಳಲ್ಲಿಯೇ ಪಡೆದಿದ್ದಾರೆ.

ಹೆಸರು ತಪ್ಪಿದರೆ ಆಗುವ ಹಾನಿ ಪುಸ್ತಕದೊಳಗೇ ಮುಗಿಯುವುದಿಲ್ಲ. ಮುರುಗಳಲ್ಲಿ ಬಹುಪಾಲು ಮೊದಲು ಹೆಣ್ಣಾಗಿ ಪ್ರಾಯಕ್ಕೆ ಬರುತ್ತವೆ. ವರ್ಷಗಳು ಕಳೆದು ದೊಡ್ಡದಾದ ಮೇಲೆ ಅವುಗಳಲ್ಲಿ ಕೆಲವು ಗಂಡಾಗಿ ಮಾರ್ಪಡುತ್ತವೆ. ದೊಡ್ಡ ಮೀನನ್ನೇ ಆರಿಸಿ ಹಿಡಿದರೆ ಬಂಡೆಯಲ್ಲಿ ಗಂಡುಗಳೇ ಉಳಿಯದ ಸ್ಥಿತಿ ಬರುತ್ತದೆ. ಯಾವ ಜಾತಿಯ ಮುರು ಎಷ್ಟು ಉದ್ದವಾದಾಗ ಈ ಬದಲಾವಣೆ ಹೊಂದುತ್ತದೆಂಬುದು ತಿಳಿಯದೆ, ಎಷ್ಟು ದೊಡ್ಡದನ್ನು ಹಿಡಿಯಬಹುದು, ಎಷ್ಟು ದೊಡ್ಡದನ್ನು ಬಿಡಬೇಕು ಎಂಬ ನಿಯಮವನ್ನು ಯಾರೂ ಮಾಡಲಾರರು.

ತೊಟ್ಟಿಲು ಅಳಿವೆಯಲ್ಲಿ

ನೇತ್ರಾಣಿಯಂತಹ ಬಂಡೆಗಳ ಆಸರೆಯಲ್ಲಿ ಬಾಳುವ ದೊಡ್ಡ ಮುರು ತನ್ನ ಬಾಲ್ಯವನ್ನು ಅಲ್ಲಿಯೇ ಕಳೆದದ್ದೆಂದು ಭಾವಿಸಬಾರದು. ಕಿತ್ತಳೆ ಚುಕ್ಕೆಯ ಮತ್ತು ಕಪ್ಪು ಚುಕ್ಕೆಯ ಮುರುಗಳ ತತ್ತಿಗಳು ಕಡಲ ನೀರಿನಲ್ಲಿ ತೇಲುತ್ತವೆ. ಒಡೆದು ಬಂದ ಕೂಸುಗಳು ವಾರಗಟ್ಟಲೆ ಪ್ರವಾಹದ ವಶದಲ್ಲಿರುತ್ತವೆ. ಬೆರಳುದ್ದವಾಗುವ ಹೊತ್ತಿಗೆ ಅನೇಕವು ತೀರದ ಆಳವಿಲ್ಲದ ನೀರನ್ನು, ನದಿಗಳ ಅಳಿವೆಗಳನ್ನು ಸೇರಿಬಿಡುತ್ತವೆ. ಅಲ್ಲಿ ಕಾಂಡ್ಲಾ ಗಿಡಗಳ ಹೆಣೆದುಕೊಂಡ ಬೇರುಗಳ ನಡುವೆ ಶತ್ರುವಿನಿಂದ ಮರೆ ಸಿಗುತ್ತದೆ. ಸೀಗಡಿ, ಏಡಿಮರಿಗಳ ಆಹಾರ ಸಮೃದ್ಧಿಯಾಗಿರುತ್ತದೆ. ಬೆಳೆದು ಬಲಿತ ಮೇಲೆ ಅವು ಹೊರಗಿನ ಬಂಡೆಗಳತ್ತ ಹೊರಡುತ್ತವೆ. ಹ್ಯಾಮಿಲ್ಟನ್‌ನಿಗೆ ಈ ಕಡಲಮೀನು ಗಂಗೆಯ ಅಳಿವೆಯಲ್ಲಿ ದೊರೆತುದರ ಗುಟ್ಟು ಇದೇ.

ಅಳಿವೆಯ ನೀರು ಉಪ್ಪೂ ಅಲ್ಲ, ಸಿಹಿಯೂ ಅಲ್ಲ. ಉಬ್ಬರದೊಡನೆ ಕಡಲು ಒಳಬರುತ್ತದೆ. ಇಳಿತದೊಡನೆ ಘಟ್ಟದ ನೀರು ಹೊರಹೋಗುತ್ತದೆ. ಈ ಹದ ಕೆಟ್ಟರೆ ಏನಾಗುವುದೆಂಬುದಕ್ಕೆ ಉದಾಹರಣೆ ಹತ್ತಿರದಲ್ಲಿಯೇ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾದಂದಿನಿಂದ ಶರಾವತಿ ತನ್ನಿಚ್ಛೆಯಂತೆ ಹರಿಯುವ ನದಿಯಾಗಿ ಉಳಿದಿಲ್ಲ. ವಿದ್ಯುದಾಗಾರಗಳಿಂದ ವರ್ಷದುದ್ದಕ್ಕೂ ಹೊರಬೀಳುವ ಸಿಹಿನೀರು ಹೊನ್ನಾವರದ ಅಳಿವೆಯ ಉಪ್ಪನ್ನು ತಗ್ಗಿಸಿ ಚಿಪ್ಪುಜೀವಿಗಳನ್ನು ಕುಗ್ಗಿಸಿದೆಯೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಶಿರಸಿಯಲ್ಲಿ ಹುಟ್ಟಿ, ಸಿದ್ದಾಪುರದ ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ ಇಳಿಯುವ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆಯಲ್ಲಿ ಸಾವಿರಾರು ಕುಟುಂಬಗಳು ಮೀನು, ಬಳಚುಗಳಿಂದ ಜೀವನ ನಡೆಸುತ್ತವೆ. 2024ರಲ್ಲಿ ಅದಕ್ಕೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು.

ಬೇಡ್ತಿ-ಗಂಗಾವಳಿಯ ಭವಿಷ್ಯ ಮಾತ್ರ ಇನ್ನೂ ಚರ್ಚೆಯ ವಿಷಯ. ಈ ನದಿಗೆ ಹಾಕಿದ್ದ ಜಲವಿದ್ಯುತ್ ಯೋಜನೆ 1980ರ ದಶಕದ ಆರಂಭದಲ್ಲಿ ಶಿರಸಿ ಸೀಮೆಯ ತೋಟಿಗರ ವಿರೋಧದಿಂದ ನಿಂತುಹೋಯಿತು. 1983ರಲ್ಲಿ ಇದೇ ತಾಲೂಕಿನ ಸಾಲ್ಕಣಿಯಲ್ಲಿ ಜನರು ಮರಗಳನ್ನು ಅಪ್ಪಿ ನಿಂತು ಕೊಡಲಿಯನ್ನು ತಡೆದರು. ಅದು ಅಪ್ಪಿಕೋ ಚಳವಳಿಯೆಂದು ನಾಡಿಗೆಲ್ಲ ಪರಿಚಿತವಾಯಿತು. ಆ ಬಳಿಕ ಬೇಡ್ತಿಯ ನೀರನ್ನು ಪೂರ್ವಕ್ಕೆ ತಿರುಗಿಸಿ ವರದಾ ನದಿಗೆ ಸೇರಿಸುವ ಯೋಜನೆ ಮುಂದೆ ಬಂದಿತು. ಬಯಲುಸೀಮೆಯ ಹೊಲಗಳು ನೀರಿಗಾಗಿ ಕಾದಿರುವುದು ಸುಳ್ಳಲ್ಲ. ಅಲ್ಲಿಯ ರೈತನ ಬೇಡಿಕೆ ನ್ಯಾಯವಾದದ್ದೇ. ಆದರೆ ಮಲೆಯ ಕಾಡು, ತೋಟ, ಇಳಿಜಾರುಗಳ ಮಣ್ಣು ಇದನ್ನು ತಾಳಲಾರವೆಂಬುದು ಘಟ್ಟದ ಜನರ ವಾದ. ಈ ವಿರೋಧಕ್ಕೆ ಮುಂದಾಳತ್ವ ವಹಿಸಿದವರು ಸ್ವರ್ಣವಲ್ಲಿಯ ಶ್ರೀ ಗಂಗಾಧರೇಂದ್ರ ಸರಸ್ವತೀ ಸ್ವಾಮಿಗಳು.

ಇಳಿಜಾರಿನ ಮಣ್ಣು ಎಷ್ಟು ಸಡಿಲವೆಂಬುದನ್ನು 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರು ತೋರಿಸಿಕೊಟ್ಟಿತು. ಹೆದ್ದಾರಿಯ ಮಗ್ಗುಲಿನ ಗುಡ್ಡ ಕುಸಿದು, ರಸ್ತೆಯನ್ನೂ ಮನುಷ್ಯರನ್ನೂ ವಾಹನಗಳನ್ನೂ ಹೊತ್ತುಕೊಂಡು ಗಂಗಾವಳಿಗೆ ಬಿತ್ತು. ನೀರಿನ ಪಾತ್ರದ ನಡುವೆ ಮಣ್ಣಿನ ದಿಣ್ಣೆ ಎದ್ದಿತು. ಸತ್ತವರ ಮನೆಗಳಲ್ಲಿ ಆ ದುಃಖ ಇನ್ನೂ ಆರಿಲ್ಲ. ಕಡಿದ ಗುಡ್ಡದಿಂದ ನದಿಗೆ ಬಿದ್ದ ಮಣ್ಣು ಅಲ್ಲಿಯೇ ನಿಲ್ಲುವುದೂ ಇಲ್ಲ. ಪ್ರತಿ ಮಳೆಗಾಲವೂ ಅದನ್ನು ಸ್ವಲ್ಪ ಸ್ವಲ್ಪವಾಗಿ ಅಳಿವೆಗೂ ಕಡಲಿಗೂ ಸಾಗಿಸುತ್ತದೆ.

ಆದಕಾರಣ ಮುರುಮೀನಿನ ವಾಸಸ್ಥಾನವನ್ನು ನಕಾಶೆಯಲ್ಲಿ ಬರೆಯಹೊರಟವನ ಲೇಖನಿ ನೇತ್ರಾಣಿಯ ಬಂಡೆಯ ಸುತ್ತ ಒಂದು ವೃತ್ತವನ್ನೆಳೆದು ನಿಲ್ಲುವಂತಿಲ್ಲ. ಅದು ಗಂಗಾವಳಿ, ಅಘನಾಶಿನಿಗಳ ಕಾಂಡ್ಲಾ ಗಿಡಗಳನ್ನು ಮುಟ್ಟಬೇಕು. ಅಲ್ಲಿಂದ ಹೊಳೆಯ ಜಾಡು ಹಿಡಿದು ಘಟ್ಟವೇರಿ, ತೋಟಿಗರು ತಲೆತಲಾಂತರದಿಂದ ಸೊಪ್ಪಿಗಾಗಿ ಉಳಿಸಿಕೊಂಡ ಬೆಟ್ಟಗಳವರೆಗೆ ಸಾಗಬೇಕು. ಮರದ ಬೇರು ಹಿಡಿದ ಮಣ್ಣು ಸೋಂದೆಯ ತೋಟಕ್ಕೆ ನೀರನ್ನು ಉಳಿಸುತ್ತದೆ; ಅದೇ ಮಣ್ಣು ಜಾರದೆ ನಿಂತರೆ ಹವಳದ ಮೇಲೆ ಬಿಸಿಲು ಬೀಳುತ್ತದೆ. ಮೀನನ್ನು ತಿನ್ನದ ತೋಟಿಗನೂ ಮೀನನ್ನೇ ನಂಬಿದ ಅಂಬಿಗನೂ ಒಂದೇ ಹೊಳೆಯ ಎರಡು ತುದಿಗಳಲ್ಲಿ ಮನೆ ಕಟ್ಟಿದ್ದಾರೆ.

ಅಕ್ಟೋಬರಿನಲ್ಲಿ ಮಳೆ ಹಿಂದೆಸರಿದು ಶಾಲ್ಮಲೆಯ ನೀರು ತಿಳಿಯಾಗುತ್ತದೆ. ಸಹಸ್ರಲಿಂಗಗಳು ಒಂದೊಂದಾಗಿ ತಲೆಯೆತ್ತುತ್ತವೆ. ಅತ್ತ ಮುರುಡೇಶ್ವರದಿಂದ ನೇತ್ರಾಣಿಗೆ ಪ್ರವಾಸಿಗರ ದೋಣಿಗಳು ಮತ್ತೆ ಹೊರಡುವ ಕಾಲವೂ ಅದೇ. ಆಗ ಅಲ್ಲಿ ನೀರಿಗಿಳಿಯುವವರು ಬಂಡೆಯ ಸಂದಿನ ಒಂಟಿ ಮೀನನ್ನು ಕಂಡರೆ ಅದರ ಚುಕ್ಕೆಗಳ ಬಣ್ಣವನ್ನು ತುಸು ಎಚ್ಚರದಿಂದ ನೋಡಲಿ. ಕಿತ್ತಳೆಯಾದರೆ ಅದು ಸೋಂದೆಯ ಹಾದಿಯಲ್ಲಿ ನಡೆದ ವೈದ್ಯ ಹೆಸರಿಟ್ಟ ಮೀನು. ಕಪ್ಪಾದರೆ ತರಂಗಂಬಾಡಿಯಿಂದ ಬರ್ಲಿನ್ನಿಗೆ ಹೋಗಿ ಮಲಬಾರಿನ ಹೆಸರನ್ನು ಹೊತ್ತದ್ದು.